ಎಪ್ಪತ್ತೈದು ಗ್ರಾಂ

ಐದೇ ನಿಮಿಷದಲ್ಲಿ ಕುಡಿದು ಮುಗಿಸಬೇಕು ಅಂದಳು ಲ್ಯಾಬಿನ ತಸ್ಮಿಯಾ.
ಲೋಟದ ತುಂಬ ಗ್ಲೂಕೋಸ್ ನೀರು,
ಏಲಕ್ಕಿಯಿಲ್ಲ, ಶುಂಠಿಯಿಲ್ಲ,
ಮೂಗಿಗೆ ಏನನ್ನೂ ಹೇಳದ ಬರೀ ಸಿಹಿ.
ಆಮೇಲೆ ಎರಡು ಗಂಟೆ ಕೂತಿರಬೇಕು, ಓಡಾಡುವಂತಿಲ್ಲ.
ವಾಂತಿಯಾದರೆ ನಾಳೆ ಮತ್ತೆ ಖಾಲಿ ಹೊಟ್ಟೆ.

ಮಂಡ್ಯದಲ್ಲಿ ಹುಟ್ಟಿದವಳಿಗೆ ಸಿಹಿಯ ಪರೀಕ್ಷೆ!
ಕಿಟಕಿಯಾಚೆ ಕಬ್ಬಿನ ಲಾರಿಯೊಂದು ನಿಂತಿದೆ,
ಯೂನಿಫಾರಂ ಹುಡುಗನೊಬ್ಬ ಹಿಂದಿನಿಂದ ಜಲ್ಲೆ ಎಳೆಯುತ್ತಿದ್ದಾನೆ,
ಬರುತ್ತಿಲ್ಲ.
ಕೆರಗೋಡಿನ ಅಜ್ಜಿಯ ಆಲೆಮನೆಯಲ್ಲಿ ನಾನು
ಕೊಪ್ಪರಿಗೆಯಂಚಿನ ಬಿಸಿ ಪಾಕವನ್ನು ಕಬ್ಬಿನ ಸಿಪ್ಪೆಯಲ್ಲಿ ಬಳಿದು
ನೆಕ್ಕಿ ಬೆಳೆದವಳು.
ಪಾಕ ಬಂತೋ ಇಲ್ಲವೋ ಎಂದು ಅಜ್ಜಿ ಕೆಂಪಾಜಮ್ಮ
ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉರುಟಿ ಹೇಳುತ್ತಿದ್ದಳು.
ನನ್ನದನ್ನು ಸೂಜಿ ಹೇಳುತ್ತದೆ.

ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ, ಅಭ್ಯಾಸಬಲ.
ಮನೆಯದರಲ್ಲಿ ಅಮ್ಮ ಹಾಲಿನ ಲೆಕ್ಕಕ್ಕೆ ಗೀಟು ಹಾಕುತ್ತಾಳೆ,
ಮೂಲೆಯಲ್ಲಿ ನನ್ನ ಪೆನ್ಸಿಲ್ ಚುಕ್ಕಿ.
ಜನವರಿಯಲ್ಲಿ ಒಂದು ಸಲ.
ಏಪ್ರಿಲ್‌ನಲ್ಲಿ ಬಂದದ್ದು ಹದಿನೇಳು ದಿನ ನಿಲ್ಲಲಿಲ್ಲ.
ಆಮೇಲೆ ದಸರಾವರೆಗೆ ಬರೀ ಹಾಲು.

ಅಮ್ಮ ಕಂಡದ್ದು ಕತ್ತನ್ನು.
"ತೊಳ್ಕೊಳಕಿಲ್ವಾ ನೀನು, ಮಸಿ ಹಂಗೆ ಕೂತದೆ" ಎಂದು
ಕಡಲೆಹಿಟ್ಟು, ನಿಂಬೆಹೋಳು,
ಕಡೆಗೆ ಪಾತ್ರೆ ತಿಕ್ಕುವ ನಾರಿನ ತನಕ ಬಂದಳು.
ಚರ್ಮ ಕೆಂಪಾಯಿತು, ಕಪ್ಪು ಹಾಗೇ ಉಳಿಯಿತು.
ಗದ್ದದ ಕೂದಲ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ.
ಒಂದು ದಿನ ಕನ್ನಡಿಯ ಹತ್ತಿರ ಸಣ್ಣ ಚಿಮಟ ಇಟ್ಟಿದ್ದಳು.

ಹೋದ ವರ್ಷದ ಡಾಕ್ಟರು ಸ್ಕ್ಯಾನ್ ನೋಡಿ
"ನೀರ್ಗುಳ್ಳೆ ಅಷ್ಟೆ, ಮದುವೆ ಮಾಡಿ, ಸರಿಹೋಗುತ್ತೆ" ಅಂದಿದ್ದರು.
ನನಗಲ್ಲ, ಅಪ್ಪನಿಗೆ.
ಈ ಡಾಕ್ಟರಮ್ಮ ಕೇಳಿದ್ದೇ ಬೇರೆ:
ಮನೆಯಲ್ಲಿ ಯಾರಿಗೆ ಶುಗರ್?
ದೊಡ್ಡಮ್ಮನ ಎಡಗಾಲು ನೆನಪಾಯಿತು,
ಹೆಬ್ಬೆರಳಿಲ್ಲದೆ ಜಾರುವ ಆ ಚಪ್ಪಲಿ.
ಅಜ್ಜಿಗೆ? ಗೊತ್ತಿಲ್ಲ. ಅಳೆದವರಾರು?
ಹನ್ನೊಂದು ವರ್ಷ ಅವಳ ಮಡಿಲು ತುಂಬದಿದ್ದಾಗ
ಆರತಿ ತಟ್ಟೆಗೆ ಕೈ ಹಚ್ಚಗೊಡದ ಮನೆಗಳಿಗೂ
ಬೆಲ್ಲ ಅವಳ ಕೈಯದೇ ಹೋಗುತ್ತಿತ್ತಂತೆ.

ಚೀಟಿಯ ಹಿಂದೆ ಸಾಲಾಗಿ ಮನೆ ಬರೆದು ತೋರಿಸಿದರು:
ಇನ್ಸುಲಿನ್ ಕದ ತಟ್ಟುತ್ತಿದೆ, ಸಕ್ಕರೆ ಹೊತ್ತು ನಿಂತಿದೆ,
ಒಳಗಿನವರು ಏಳುತ್ತಿಲ್ಲ.
ಗಟ್ಟಿಯಾಗಿ ಕೂಗುತ್ತದೆ, ಇನ್ನೂ ಗಟ್ಟಿಯಾಗಿ.
ಇವರಿಗೆ ಕೇಳಿಸದ ಕೂಗು ಪಕ್ಕದ ಮನೆಗೆ ಕೇಳುತ್ತದೆ,
ಪಕ್ಕದ ಮನೆ ನಿನ್ನ ಅಂಡಾಶಯ,
ನಿದ್ದೆಗೆಟ್ಟು ಬೇಡದ್ದನ್ನೆಲ್ಲ ಮಾಡುತ್ತದೆ.
ನಕ್ಕುಬಿಟ್ಟೆ. ನಮ್ಮ ಬೀದಿಯದೇ ಕತೆ.
ಕತ್ತಿನ ಮಸಿಯೂ ಆ ಕೂಗಿನದೇ ಅಂದರು.
ಆಗ ಮಾತ್ರ ನಗು ಬರಲಿಲ್ಲ.
ಆ ನಾರು ನೆನಪಾಯಿತು.

ಎರಡನೆಯ ಗಂಟೆಗೆ ತಲೆ ತೂಗತೊಡಗಿತು.
ತೋಳಿಗೆ ರಬ್ಬರ್ ಬಿಗಿಯುತ್ತ ತಸ್ಮಿಯಾ ಮೆಲ್ಲಗೆ ಹೇಳಿದಳು:
"ನಂಗೂ ಇದೆ ಅಕ್ಕ. ರಾತ್ರಿ ಊಟ ಆದ್ಮೇಲೆ
ತಮ್ಮನ್ನ ಕರ್ಕೊಂಡು ಸ್ಟೇಡಿಯಂ ಸುತ್ತ ನಡೀತೀನಿ, ನಾಲ್ಕು ಸುತ್ತು.
ಮೂರನೇದ್ರಲ್ಲಿ ಅಳು ಬರುತ್ತೆ."
ನಾಲ್ಕನೇದ್ರಲ್ಲಿ?
"ಮನೆ ಹತ್ರ ಬಂದಿರುತ್ತೆ."

ನೂರ ಅರವತ್ತೆಂಟು.
ಕಾಯಿಲೆಯ ಹೊಸ್ತಿಲಿಗೆ ಒಂದು ಕಾಲು.
ಅಜ್ಜಿಯಾಗಿದ್ದರೆ ಬೆರಳು ತೊಳೆದು ಅನ್ನುತ್ತಿದ್ದಳು:
ಇನ್ನೂ ಎಳೆ ಪಾಕ ಕಣಮ್ಮಿ, ಉರಿ ತಗ್ಸು.

ಮನೆಗೆ ಬಂದಾಗ ಅಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು.
ಸೆಕೆಗೆ ಜಡೆ ಎತ್ತಿ ತುರುಬು ಕಟ್ಟಿದ್ದಳು.
ತಾಳಿಸರದ ಕೆಳಗೆ ಅದೇ ಕಪ್ಪು,
ಇಷ್ಟು ವರ್ಷ ನಾನು ಸರ ಉಜ್ಜಿದ ಗುರುತು ಅಂದುಕೊಂಡದ್ದು.

"ಸೋಮವಾರ ನನ್ ಜೊತೆ ಬಾ, ಲ್ಯಾಬಿಗೆ. ಏನೂ ತಿನ್ನಂಗಿಲ್ಲ."
"ಸೋಮವಾರ ಹೆಂಗೂ ಒಪ್ಪತ್ತು ಕಣಮ್ಮಿ" ಅಂದಳು,
ತಿರುಗಿ ನೋಡದೆ,
ಎಡಗೈ ಮಾತ್ರ ಕತ್ತಿಗೆ ಹೋಯಿತು, ರಾಗಿ ಹಿಟ್ಟು ಮೆತ್ತಿದ ಕೈ.